ಅತ್ತೆಯವರ ಹೊಸ ಕಣ್ಣೂ ಉಣ್ಣೆಯಂಗಿಯ ಹಳೆ ಕಲೆಯೂ

ಮನುಷ್ಯರಿಗೆ ವಯಸ್ಸಾದಂತೆ ಕಣ್ಣು ಮಂಜಾಗುವುದು ದೇವರು ಅವರ ಸುತ್ತಲಿನವರಿಗೆ ಮಾಡಿಟ್ಟ ಉಪಕಾರ ಎಂದು ಈಚೀಚೆಗೆ ನನಗೆ ಅನ್ನಿಸತೊಡಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನೌಕರಿ ಮಾಡಿದವಳು ಹೀಗೆ ಮಾತಾಡಬಾರದು, ಅದು ನನಗೂ ಗೊತ್ತು. ಆದರೆ ನಾನು ದಣಿದಿದ್ದೇನೆ. ದಣಿದವರ ಮಾತಿಗೆ ಸ್ವಲ್ಪ ರಿಯಾಯಿತಿ ಇರಲಿ. ನಮ್ಮ ಅತ್ತೆಯವರಿಗೆ ಹತ್ತು ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಇತ್ತು. ಆ ಹತ್ತು ವರ್ಷ ಸೇಡಂನ ನಮ್ಮ ಮನೆ ಬಹಳ ಸ್ವಚ್ಛವಾಗಿತ್ತು, ನಾನು ಬಹಳ ಅಚ್ಚುಕಟ್ಟಿನ ಸೊಸೆಯಾಗಿದ್ದೆ. ದೀಪಾವಳಿ ಕಳೆದ ಮೇಲೆ ನಾನೇ ಮುಂದೆ ನಿಂತು, ಕ್ಯಾಂಪಿನಲ್ಲಿ ಹೆಸರು ಬರೆಸಿ, ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಮಾಡಿಸಿದೆ. ಪಟ್ಟಿ ಬಿಚ್ಚಿದ ದಿನ ಅತ್ತೆಯವರು ಮೊದಲು ನೋಡಿದ್ದು ನನ್ನ ಮುಖವನ್ನೇ. ನಾನು ಭಾವುಕಳಾಗಿ ಅವರ ಕೈ ಹಿಡಿದುಕೊಂಡಿದ್ದೆ. "ಅಯ್ಯ ಸುಮಿತ್ರಾ, ಇಷ್ಟ್ಯಾಕ ಮುದುಕಿ ಆಗೀಯವಾ?" ಎಂದರು.

ಅಲ್ಲಿಂದ ಶುರುವಾಯಿತು. ಫ್ಯಾನಿನ ರೆಕ್ಕೆಯ ಮೇಲಿನ ಧೂಳು, ಸ್ವಿಚ್ಚಿನ ಸುತ್ತಲಿನ ಬೆರಳ ಗುರುತು, ಕುಕ್ಕರಿನ ತಳದ ಕರಿ, ಕ್ಯಾಲೆಂಡರಿನ ಹಿಂದೆ ಸಂಸಾರ ಹೂಡಿದ್ದ ಹಲ್ಲಿ, ಒಂದೂ ಅವರ ಕಣ್ಣಿಗೆ ತಪ್ಪಲಿಲ್ಲ. ನಾನು ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಅವರು ದಿನದ ವರದಿ ಸಿದ್ಧಪಡಿಸಿಕೊಂಡು ಜೋಕಾಲಿಯ ಮೇಲೆ ಕೂತಿರುತ್ತಿದ್ದರು. ನನ್ನ ಗಂಡ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಸಾಮ್ರಾಜ್ಯಗಳು ಬಿದ್ದದ್ದನ್ನೇ ದಿನವೂ ಹೇಳುವವರಿಗೆ ಮನೆಯ ಧೂಳು ಯಾವ ಲೆಕ್ಕ? "ಅವ್ವಾ ಹೇಳಾಕತ್ತಾಳ, ಕೇಳು" ಎಂದು ಪೇಪರು ಮುಖಕ್ಕೆ ಹಿಡಿದುಬಿಡುತ್ತಿದ್ದರು.

ಶಿವರಾತ್ರಿಗೆ ಸ್ವಲ್ಪ ಮೊದಲು ಶಹಾಬಾದಿನಿಂದ ಫೋನು ಬಂತು. ಅಲ್ಲಿ ನನ್ನ ಮೈದುನನ ಮನೆ. ಅವನದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಅವನ ಹೆಂಡತಿ ಶಾರದಾ, ಅಂದರೆ ನನ್ನ ನೆಗೆಣ್ಣಿ. ಅವರ ಮಗಳಿಗೆ ಗಂಡುಮಗು ಹುಟ್ಟಿ ವಾರವಾಗಿತ್ತು. ತಿಂಗಳು ತುಂಬಿದ ಮರುದಿನ ತೊಟ್ಟಿಲು. ಅತ್ತೆಯವರು ಫೋನು ಇಟ್ಟವರೇ, "ಸುಮಿತ್ರಾ, ಆ ಅಂಗಿ ತೆಗಿ" ಎಂದರು.

ಯಾವ ಅಂಗಿ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮಾವನವರು ರೈಲ್ವೆ ಗಾರ್ಡ್ ಆಗಿದ್ದಾಗ ಅತ್ತೆಯವರು ಹೊಸ ಮದುವಣಗಿತ್ತಿಯಾಗಿ ವಾಡಿಯ ಕ್ವಾರ್ಟರ್ಸಿಗೆ ಬಂದವರು. ಮಾವನವರು ಗೂಡ್ಸ್ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋದರೆ ಮತ್ತೆ ಮನೆಗೆ ಬರುವುದು ಗಾಡಿಯ ಮರ್ಜಿ. ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ಪಂಜಾಬಿ ಹೆಂಗಸು ಇದ್ದಳಂತೆ. ವಾಡಿಯ ಸೆಕೆಯಲ್ಲೂ ಬೆವರು ಒರೆಸಿಕೊಳ್ಳುತ್ತ ಸ್ವೆಟರ್ ಹೆಣೆಯುತ್ತಿದ್ದ ಆಕೆಗೆ ಕನ್ನಡ ಬಾರದು, ಅತ್ತೆಯವರಿಗೆ ಪಂಜಾಬಿ ಬಾರದು. ಎರಡು ಕಡ್ಡಿ, ಒಂದು ಉಂಡೆ ಉಣ್ಣೆಯ ನಡುವೆ ಇಬ್ಬರೂ ಗೆಳತಿಯರಾದರು. ಹೊಟ್ಟೆಯಲ್ಲಿ ನನ್ನ ಗಂಡ ಇದ್ದಾಗ ಅತ್ತೆಯವರು ಹೆಣೆದದ್ದು ಆ ಅಂಗಿ: ಹಾಲು ಬಿಳುಪಿನ ಎಳೆ ಉಣ್ಣೆ, ಎದೆಯ ಮೇಲೆ ಜೋಳದ ತೆನೆಯಂಥ ಜಾಲರಿ, ಕೊರಳಿಗೆ ಕಟ್ಟುವ ದಾರ, ತಲೆಗೆ ಅದಕ್ಕೊಪ್ಪುವ ಕುಂಚಿಗೆ. ಅಂದಿನಿಂದ ನಮ್ಮ ಮನೆತನದಲ್ಲಿ ಹುಟ್ಟಿದ ಮಗು ಯಾವ ಋತುವಿನಲ್ಲಿ ಹುಟ್ಟಲಿ, ಹೊರಗೆ ಎಷ್ಟೇ ಬಿಸಿಲಿರಲಿ, ತೊಟ್ಟಿಲಿಗೆ ಹಾಕುವಾಗ ಆ ಅಂಗಿ ತೊಡಿಸಲೇಬೇಕು. ನನ್ನ ಗಂಡ ತೊಟ್ಟರು, ಮೈದುನ ತೊಟ್ಟ, ನನ್ನ ಮಗ ತೊಟ್ಟ, ಅವನ ನಂತರ ಶಾರದಾಳ ಮಗಳು ತೊಟ್ಟಳು. ಈಗ ಆ ಮಗಳ ಮಗನ ಸರದಿ.

ನಾನು ಟ್ರಂಕಿನಿಂದ ಅಂಗಿ ತೆಗೆದೆ. ಬೇವಿನ ಎಲೆ ಉದುರಿಸಿ, ಮಡಿಕೆ ಬಿಚ್ಚಿ ಅತ್ತೆಯವರ ತೊಡೆಯ ಮೇಲೆ ಹರವಿದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದಿನ ತೊಟ್ಟಿಲಿನ ನಂತರ ಟ್ರಂಕು ಸೇರಿದ ಆ ಅಂಗಿಯನ್ನು ಅವರು ಬಿಚ್ಚಿ ನೋಡಿರಲಿಲ್ಲ; ಕಲೆಯಾಗಿದೆ ಎಂಬುದನ್ನು ನನ್ನ ಬಾಯಿಂದ ಕೇಳಿದ್ದರು, ಅಷ್ಟೇ. ಅರಿಸಿನ, ಕಾಡಿಗೆ, ಎಣ್ಣೆ, ಹಾಲು, ಎಲ್ಲ ಸೇರಿ ಅಲ್ಲಲ್ಲಿ ಹಳದಿ ಮುಸುಕು; ಕೊರಳಿನ ಕೆಳಗೆ ಎಡಕ್ಕೆ ಹುಣಸೆಬೀಜದಷ್ಟು ಒಂದು ಗಟ್ಟಿ ಕಂದು ಕಲೆ, ಅದರ ಕೆಳಗೆ ಎರಡು ಚಿಕ್ಕ ಹನಿ. ಅತ್ತೆಯವರು ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಕೊನೆಗೆ, "ನಾ ಹೆಣೆದಿದ್ದು ಇದಲ್ಲ" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಅಷ್ಟೇ ಹೇಳಿ ಅಂಗಿಯನ್ನು ಮಡಿಚತೊಡಗಿದರು.

"ಮೂರು ವಾರ ಅದಾವಲ್ಲತ್ತಿ, ನಾ ಸಾಫ್ ಮಾಡ್ತೀನಿ" ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತಲ್ಲ, ಅದರ ಹಿಂದೆ ಸ್ವಲ್ಪ ಜಂಬವೂ ಇತ್ತು. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಗಾಜಿನ ಮೇಲೆ ರಕ್ತ ಸವರಿ, ನೇರಳೆ, ಗುಲಾಬಿ, ನೀಲಿ ಬಣ್ಣ ಹಾಕಿ, ಕಾಣದ್ದನ್ನು ಕಾಣಿಸುವಂತೆ ಮಾಡುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷ ನಾನು ಸಂಬಳ ಪಡೆದದ್ದು ಕಲೆ ಹಚ್ಚುವುದಕ್ಕೆ, ತೆಗೆಯುವುದಕ್ಕಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಆ ಕಂದು ಕಲೆ ಯಾರು ಮಾಡಿದ್ದು ಎಂಬುದರ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ನನ್ನ ಮಗ ತೊಟ್ಟ ಮೇಲೆ ನಾನೇ ಅಂಗಿ ಒಗೆದು, ಮಡಿಚಿ ಟ್ರಂಕಿನಲ್ಲಿ ಇಟ್ಟಿದ್ದೆ. ಎರಡು ವರ್ಷದ ಮೇಲೆ ಶಾರದಾಳ ಮಗಳ ತೊಟ್ಟಿಲಿಗೆ ಅತ್ತೆಯವರ ಕೈಯಲ್ಲಿ ಆ ಗಂಟನ್ನು ಹಾಗೆಯೇ ಕಳಿಸಿಕೊಟ್ಟೆ. ನನಗೆ ಡ್ಯೂಟಿ ಇದ್ದು ಹೋಗಲಾಗಲಿಲ್ಲ. ಅಂಗಿ ವಾಪಸು ಬಂದಾಗ ಕಲೆ ಇತ್ತು. ಆಮೇಲೆ ಚಿತ್ತಾಪುರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಆ ಅಂಗಿಯ ಮಾತು ತೆಗೆದರು. ನಾನು ಎಲ್ಲರಿಗೂ ಕೇಳುವಂತೆ, "ನಾ ಕೊಟ್ಟಾಗ ಹಾಲಿನಂಗ ಇತ್ರಿ, ಶಹಾಬಾದಿಗೆ ಹೋಗಿ ಬಂದಮ್ಯಾಲ ಖರಾಬ್ ಆಗ್ಯದ" ಎಂದೆ. ಶಾರದಾ ನನ್ನ ಹಿಂದಿನ ಪಂಕ್ತಿಯಲ್ಲೇ ಕೂತಿದ್ದಳು. ಎಲೆ ಬಿಟ್ಟು ಎದ್ದಳು. ಅದಕ್ಕೆ ಮೊದಲು ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ ಅತ್ತೆಯವರ ಮೇಲೆ ಚಾಡಿ ಹೇಳಿಕೊಂಡು ನಕ್ಕವರು. ಅಂದಿನಿಂದ ಅವಳು ನನ್ನನ್ನು "ಅಕ್ಕಾರ" ಎಂದು ಬಹುವಚನದಲ್ಲಿ ಕರೆಯತೊಡಗಿದಳು. ಸೇಡಂಗೆ ಬಂದರೆ ಸಂಜೆಯ ಗಾಡಿಗೆ ವಾಪಸು. ಇಪ್ಪತ್ತೆರಡು ವರ್ಷ ಹೀಗೆಯೇ ನಡೆದಿತ್ತು. ಆ ಮಾತನ್ನು ನಾನು ಆ ಪಂಕ್ತಿಗೇ ಮುಗಿಸಲೂ ಇಲ್ಲ; ಅಂಗಿಯ ಪ್ರಸಂಗ ಬಂದಾಗಲೆಲ್ಲ ಹೇಳುತ್ತಲೇ ಬಂದೆ.

ಇರಲಿ, ಮೊದಲು ತೊಳೆಯುವ ಕತೆ. ಅತ್ತೆಯವರು ಜೋಕಾಲಿಯ ಮೇಲಿಂದ ಕಟ್ಟಳೆ ಹೊರಡಿಸಿದರು: ಬಿಸಿನೀರು ತಾಗಿಸಬಾರದು, ತಿಕ್ಕಬಾರದು, ಹಿಂಡಬಾರದು, ಹಗ್ಗಕ್ಕೆ ತೂಗುಹಾಕಬಾರದು. ನಮ್ಮ ಆಸ್ಪತ್ರೆಯಲ್ಲಿ ಕುಂಚಾವರಂ ಕಡೆಯ ಒಬ್ಬ ಸಿಸ್ಟರ್ ಇದ್ದಾಳೆ, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಾಳೆ. ಅವಳು, "ಸಬ್ಬು ಒದ್ದು ಮೇಡಂ, ಸಾಬೂನು ಹಚ್ಚಬ್ಯಾಡ್ರಿ, ನಮ್ಮ ಅಡವಿದು ಕುಂಕುಡುಕಾಯ ತರ್ತೀನಿ" ಎಂದು ಒಂದು ಚೀಲ ಅಂಟುವಾಳ ಕಾಯಿ ತಂದುಕೊಟ್ಟಳು. ನೆನೆಸಿ, ಕಿವುಚಿ, ಸೋಸಿ, ಆ ನೊರೆನೀರಿನಲ್ಲಿ ಅಂಗಿಯನ್ನು ಮುಳುಗಿಸಿದೆ. ತಣ್ಣೀರಿನಲ್ಲಿ ಮುಳುಗಿದ ಹಳೆಯ ಉಣ್ಣೆ ಎತ್ತುವಾಗ ತನ್ನದೇ ಭಾರಕ್ಕೆ ಹರಿಯುತ್ತದೆ. ಅದಕ್ಕೆ ಎರಡೂ ಅಂಗೈ ಕೆಳಗೆ ಕೊಟ್ಟು, ಆಗತಾನೇ ಹುಟ್ಟಿದ ಕೂಸನ್ನು ಎತ್ತಿದಂತೆ ಎತ್ತಬೇಕು. ಟವೆಲ್ಲಿನಲ್ಲಿ ಸುತ್ತಿ ಒತ್ತಬೇಕು. ಫರಸಿಯ ಮೇಲೆ ಇನ್ನೊಂದು ಟವೆಲ್ ಹಾಸಿ, ತೋಳು, ಕೊರಳು, ಅಂಚು ಜೋಡಿಸಿ ಮಲಗಿಸಬೇಕು. ಬೆಳಗ್ಗೆ ಡ್ಯೂಟಿಗೆ ಹೋಗುವ ಮೊದಲು ಇಷ್ಟು. ನನ್ನ ಸ್ವಂತ ಮಗನನ್ನೂ ನಾನು ಇಷ್ಟು ಜೋಪಾನವಾಗಿ ಮೀಯಿಸಿದ್ದಿಲ್ಲ. ಅವನೀಗ ಚಿಂಚೋಳಿಯ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾನೆ. ಫೋನಿನಲ್ಲಿ ಈ ವೃತ್ತಾಂತ ಕೇಳಿ, "ಕುರಿ ಮೈಮ್ಯಾಲ ಇದ್ದಾಗ ಆ ಉಣ್ಣಿ ಮಳಿ, ಕೆಸರು ಎಲ್ಲಾ ತಡಕೋತದವ್ವ" ಎಂದ. ಇಂಥ ಮಾತಿಗೆ ತಾಯಿಯಾದವಳು ಏನು ಉತ್ತರ ಕೊಡಬೇಕು?

ಐದು ದಿನದಲ್ಲಿ ಎಣ್ಣೆಯ ಜಿಡ್ಡು ಹೋಯಿತು, ಕಾಡಿಗೆ ಹೋಯಿತು. ಎಳೆಬಿಸಿಲಿಗೆ ಒಡ್ಡಿದ ಮೇಲೆ ಅರಿಸಿನವೂ ತಾನಾಗಿ ಮಾಯವಾಯಿತು. ಆದರೆ ಕೊರಳ ಕೆಳಗಿನ ಕಂದು ಕಲೆ ಮಾತ್ರ, ಸುತ್ತಲಿನ ಹೊಲಸು ಹೋದಂತೆ, ಇನ್ನಷ್ಟು ಎದ್ದು ಕಂಡಿತು. ಲಾಂಡ್ರಿಗೆ ಒಯ್ದೆ. ಅಂಗಡಿಯವರು ಅಂಗಿಯನ್ನು ಕೈಯಲ್ಲಿ ಮುಟ್ಟಲಿಲ್ಲ. "ಮೇಡಂ, ಇದು ತೊಳಿಯೋ ಮಾಲಲ್ರಿ, ಪೂಜಾ ಮಾಡೋ ಮಾಲು. ಮನೀಗಿ ಒಯ್ಯಿರಿ" ಎಂದು ಕೈ ಮುಗಿದರು. ಆಗ ನನಗೆ ನಮ್ಮ ಲ್ಯಾಬಿನ ಬ್ಲೀಚಿಂಗ್ ದ್ರಾವಣದ ನೆನಪಾಯಿತು. ರಕ್ತ, ಕಫ, ಎಂಥದನ್ನೂ ಅದು ಬಿಳಿಚಿಸಿಬಿಡುತ್ತದೆ. ಪುಣ್ಯಕ್ಕೆ ಅಂಗಿಗೆ ಹಾಕಲಿಲ್ಲ. ಅಂಚಿನಿಂದ ಸಡಿಲಾಗಿ ನೇತಾಡುತ್ತಿದ್ದ ಒಂದು ಎಳೆಯನ್ನು ಕತ್ತರಿಸಿ ಒಂದು ನಳಿಗೆಯಲ್ಲಿ ಮುಳುಗಿಸಿಟ್ಟೆ. ಮರುದಿನ ನೋಡಿದರೆ ಎಳೆಯೇ ಇಲ್ಲ. ಉಣ್ಣೆ ಕರಗಿ ನೀರಾಗಿತ್ತು. ನಾನು ಆ ನಳಿಗೆಯನ್ನು ಹಿಡಿದು ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೆಂದರೆ, ಹೊರಗೆ ರಿಪೋರ್ಟಿಗೆ ಕಾದಿದ್ದ ಅಜ್ಜಿ ಒಳಗೆ ಇಣುಕಿ, "ಯವ್ವಾ, ನನಗ ಅಷ್ಟ ದೊಡ್ಡ ಬ್ಯಾನಿ ಅದ ಏನ?" ಎಂದು ಕೇಳಿದಳು.

ಮೂಲ ಗೊತ್ತಾಗದೆ ಔಷಧ ಕೊಡಬಾರದು, ಮೊದಲು ಪರೀಕ್ಷೆ. ಇದು ನಮ್ಮ ವೃತ್ತಿಯ ಶಿಸ್ತು. ಕಂದು ಬಣ್ಣ, ಗಟ್ಟಿ ಅಂಚು, ಅಂಟುವಾಳಕ್ಕೆ ಜಗ್ಗದ ಹಟ: ನನಗೆ ಕಬ್ಬಿಣದ ಮೇಲೆ ಅನುಮಾನ ಬಂತು. ನಮ್ಮ ಓಣಿಯಲ್ಲಿ ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಡಂ ಇದ್ದಾರೆ. ಅವರ ಹತ್ತಿರ ಒಂದು ಚಿಟಿಕೆ ಹಳದಿ ಹರಳು ತಂದು ನೀರಿನಲ್ಲಿ ಕರಗಿಸಿದೆ. ಕಬ್ಬಿಣವಿದ್ದರೆ ಅದು ನೀಲಿಯಾಗುತ್ತದೆ. ಈ ಸಲವೂ ಒಂದು ಎಳೆ ಕತ್ತರಿಸಿ ನೋಡಬೇಕಿತ್ತು. ಆದರೆ ಕಲೆ ಇದ್ದದ್ದು ಅಂಗಿಯ ಎದೆಯ ಮೇಲೆ, ಅಲ್ಲಿ ಎಳೆ ಕತ್ತರಿಸಿದರೆ ತೂತು. ಒಂದೇ ಒಂದು ಹನಿ ತಾನೇ ಎಂದು, ಕಲೆಯ ತುದಿಗೆ ಸ್ವಲ್ಪ ಆಮ್ಲ ಸವರಿ, ಆ ಹನಿ ಬಿಟ್ಟೆ.

ಹನಿ ಬಿದ್ದಲ್ಲಿ ನಿಲ್ಲುವುದು ಗಾಜಿನ ಮೇಲೆ. ಉಣ್ಣೆಯ ಮೇಲೆ ಅದು ತಿರುಗಾಟಕ್ಕೆ ಹೊರಡುತ್ತದೆ. ನಾನು ನೋಡುತ್ತಿದ್ದಂತೆಯೇ ಕಂದು ಕಲೆ ತುದಿಯಿಂದ ನಡುವಿಗೆ, ನಡುವಿನಿಂದ ಎರಡು ಚಿಕ್ಕ ಹನಿಗಳಿಗೆ, ಹೊಚ್ಚಹೊಸ ಶಾಯಿ ಚೆಲ್ಲಿದಂತೆ ಕಡುನೀಲಿಯಾಯಿತು. ನನ್ನ ವೃತ್ತಿಜೀವನದಲ್ಲಿ ಇಷ್ಟು ಸುಂದರವಾಗಿ ಬಂದ ಪರೀಕ್ಷೆ ಇನ್ನೊಂದಿಲ್ಲ.

ಅತ್ತೆಯವರ ಹೊಸ ಕಣ್ಣಿಗೆ ಅಡುಗೆಮನೆಯ ಬಾಗಿಲಿನಿಂದಲೇ ಅದು ಕಂಡಿತು. "ಏನ್ ಮಾಡಿದಿ ಅದು? ಡಾಗ ತೆಗಿಯಂದ್ರ ನೀಲಿ ಹಚ್ಚಿ ಕುಂತೀಯಲ್ಲ!" ಎಂದು ಎದೆ ಹಿಡಿದುಕೊಂಡರು. ಗಂಡ ಪೇಪರು ಕೆಳಗಿಟ್ಟು ಬಂದು ನೋಡಿದರು. ಪರಿಸ್ಥಿತಿಯನ್ನು ತಿಳಿಗೊಳಿಸುವ ಉದ್ದೇಶದಿಂದ, "ನೀಲಿ ಭೀ ಛಲೋ ಕಾಣ್ತದ. ಗಂಡುಹುಡುಗ ಅಲ್ಲೇನು" ಎಂದರು. ತಾಯಿ, ಹೆಂಡತಿ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದ್ದನ್ನು ಕಂಡು ಮತ್ತೆ ಪೇಪರಿನ ಹಿಂದೆ ಹೋದರು.

ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದರೂ ಒಳಗೊಳಗೇ ಸಣ್ಣ ಸಮಾಧಾನವಿತ್ತು. ಕಬ್ಬಿಣ ಹೌದು ಎಂದು ಸಾಬೀತಾಯಿತಲ್ಲ. ಶಹಾಬಾದಿನ ಕಲ್ಲಿನ ಶೆಡ್ಡು, ಅಲ್ಲಿನ ತುಕ್ಕು ಹಿಡಿದ ಕೊಳಾಯಿ, ಎಲ್ಲ ಕಣ್ಣ ಮುಂದೆ ಬಂದವು. "ಕಬ್ಬಿಣದ್ದತ್ತಿ, ಶಾರದಾನ ಮನ್ಯಾಗ ನೀರಿನ ಕೊಳಾಯಿದ್ದು ಇರಬೇಕು" ಎಂದೆ. ಅತ್ತೆಯವರು ಅಂಗಿಯನ್ನು ಕೈಗೆ ತೆಗೆದುಕೊಂಡು ಕಲೆಯನ್ನು ದಿಟ್ಟಿಸಿದರು. "ಕೊಳಾಯಿ ನೀರು ಹಿಂಗ ಕೊರಳ ಬುಡಕ್ಕ ಹನಿ ಹನಿ ಬೀಳ್ತದೇನವಾ? ಇದು ಕೂಸಿನ ಬಾಯಾಗಿಂದ ಇಳಿದಿದ್ದು" ಎಂದರು. ಆಮೇಲೆ, ಯಾವ ದುರುದ್ದೇಶವೂ ಇಲ್ಲದೆ, ನೆನಪು ಬಂದದ್ದನ್ನು ಹೇಳುವವರ ಸಹಜ ದನಿಯಲ್ಲಿ, "ನಿನ್ನ ಮಗಂಗ ನೀ ದವಾಖಾನಿಂದ ಏನೋ ಕಬ್ಬಿಣದ ಟಾನಿಕ್ ಅಂತ ತಂದು ಹಾಕ್ತಿದ್ದಿ. ಅಂವ ಥೂ ಥೂ ಅಂತ ಉಗಳತಿದ್ದ. ಅದೇ ಏನು?" ಎಂದರು.

ಅದೇ. ನನ್ನ ಮಗ ಎಂಟನೆಯ ತಿಂಗಳಿಗೇ ಹುಟ್ಟಿದವನು, ಪುಷ್ಯಮಾಸದ ಚಳಿ, ಎರಡು ತಿಂಗಳು ಆ ಅಂಗಿಯಲ್ಲಿಯೇ ಇದ್ದ. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಹನಿಯನ್ನು ದಿನವೂ ಹಾಕಿದವಳು ನಾನು. ಶಾರದಾಳ ಮಗಳು ಹುಟ್ಟುವಾಗಲೇ ಕುಂಬಳಕಾಯಿಯ ಹಾಗಿದ್ದಳು, ಅವಳಿಗೆ ಯಾವ ಟಾನಿಕ್ಕೂ ಇರಲಿಲ್ಲ. ಕಬ್ಬಿಣದ ಹನಿ ಬಿದ್ದಾಗ ಹೆಚ್ಚು ಕಾಣುವುದಿಲ್ಲ. ಸಾಬೂನಿನಲ್ಲಿ ತೊಳೆದು ಮಡಿಚಿಟ್ಟರೆ ಒಳಗೇ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಟ್ರಂಕಿನಿಂದ ತೆಗೆದು ಶಹಾಬಾದಿಗೆ ಕಳಿಸುವಾಗ ನಾನು ಗಂಟು ಬಿಚ್ಚಿ ನೋಡಿರಲಿಲ್ಲ. ಇಷ್ಟು ವರ್ಷ ಬೇರೆಯವರ ರಕ್ತ ಪರೀಕ್ಷಿಸಿ ವರದಿ ಬರೆದವಳು ನಾನು. ನನ್ನ ಬಗ್ಗೆ ಬಂದ ಮೊದಲ ವರದಿ ನೀಲಿ ಅಕ್ಷರದಲ್ಲಿ ನನ್ನ ತೊಡೆಯ ಮೇಲೆಯೇ ಬಿದ್ದಿತ್ತು.

ನೀಲಿಯನ್ನು ಹೇಗೆ ತೆಗೆಯಬೇಕೆಂದು ಕೆಮಿಸ್ಟ್ರಿ ಮೇಡಂ ಹೇಳಿಕೊಟ್ಟರು. ಒಂದೇ ಚಿಟಿಕೆ ತೊಳೆಯುವ ಸೋಡಾ ಬೆರೆಸಿದ ತಣ್ಣೀರಿನಲ್ಲಿ ಕ್ಷಣಹೊತ್ತು ಅದ್ದಿದರೆ ನೀಲಿ ಹೋಗಿ ಮತ್ತೆ ಕಂದು ಬರುತ್ತದೆ. ಸೋಡಾ ಹೆಚ್ಚಾದರೆ ಉಣ್ಣೆಗೆ ಕೇಡು. ಆಮೇಲೆ ನಿಂಬೆರಸ. ಅಂದರೆ ಇಷ್ಟೆಲ್ಲ ಮಾಡಿ ನಾನು ಮತ್ತೆ ಮೊದಲಿದ್ದಲ್ಲಿಗೆ ಬಂದು ನಿಂತೆ. ನಿಂಬೆರಸದಲ್ಲಿ ಅದ್ದುವುದು, ತೊಳೆಯುವುದು, ಒತ್ತುವುದು, ಮಲಗಿಸುವುದು. ಮೊದಲ ದಿನ ಕಲೆ ಮಿಸುಕಲಿಲ್ಲ. ಮೂರನೆಯ ದಿನ ಸ್ವಲ್ಪ ತೆಳುವಾಯಿತು. ಎಂಟನೆಯ ದಿನ, ಎಲ್ಲಿತ್ತು ಎಂದು ಹುಡುಕಬೇಕಾಯಿತು. ಅಂಗಿ ಅರ್ಧ ಬೆರಳು ಕಿರಿದಾಗಿತ್ತು, ಹಾಲಿನ ಬಿಳುಪು ಬರಲಿಲ್ಲ, ಕೆನೆಯ ಬಣ್ಣಕ್ಕೆ ನಿಂತಿತು. ಮತ್ತೂ ಏಳೆಂಟು ನೀರಿನಲ್ಲಿ ಜಾಲಿಸಿ, ಒಳಗೆ ಹತ್ತಿಯ ಜಬಲಾ ಇಲ್ಲದೆ ಕೂಸಿಗೆ ತೊಡಿಸಬಾರದು ಎಂದು ಷರತ್ತು ಹಾಕಿದೆ. ಅತ್ತೆಯವರು ಕಿಟಕಿಗೆ ಹಿಡಿದು ಎರಡೂ ಕಣ್ಣಿನಿಂದ ಒಂದೊಂದಾಗಿ ನೋಡಿದರು. ಜಾಲರಿಯ ಮೇಲೆ ಬೆರಳಾಡಿಸುತ್ತ, "ಇಲ್ಲಿ ಒಂದು ಹೆಣಿಗಿ ತಪ್ಪೀನಿ ನೋಡು, ಅವತ್ತು ನಿಮ್ಮ ಮಾವನ ಗಾಡಿ ಬಂದಿತ್ತು" ಎಂದರು. ಅವರ ಮುಖದ ಮೇಲೆ ಅಂಥ ನಾಚಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

ಕಲೆ ಹೋಯಿತು, ಅದರ ಜೊತೆಗೆ ಸಾಕ್ಷಿಯೂ ಹೋಯಿತು. ಸುಮ್ಮನೆ ಇದ್ದುಬಿಡಬಹುದಿತ್ತು. ಅಂಗಿ ಸ್ವಚ್ಛ ಮಾಡಿಕೊಟ್ಟ ದೊಡ್ಡಮನಸ್ಸಿನ ನೆಗೆಣ್ಣಿಯಾಗಿ ಶಹಾಬಾದಿನಲ್ಲಿ ಇಳಿಯಬಹುದಿತ್ತು. ಅತ್ತೆಯವರನ್ನು ಕೇಳಿದೆ, "ಹೇಳಬೇಕೇನತ್ತಿ?" ಅವರು, "ಹೇಳೂದು ಬಿಡೂದು ನಿನ್ನ ಮರ್ಜಿ. ನಂದು ಅಂಗಿ ಸಾಫ್ ಆತು, ನಾ ನಡುವ ಬರೂದಿಲ್ಲ" ಎಂದರು. ನಾನು ತಪ್ಪು ಮಾಡಿದ್ದನ್ನು ಕಂಡೂ ಅತ್ತೆಯವರು ಪುಕ್ಕಟೆ ಬಿಟ್ಟದ್ದು ಅದೇ ಮೊದಲು. ಅದರಿಂದ ನನಗೆ ಇನ್ನೂ ಕಷ್ಟವಾಯಿತು.

ತೊಟ್ಟಿಲಿನ ದಿನ ಬೆಳಗಿನ ಗಾಡಿಗೆ ಹೊರಟೆವು. ಚಿತ್ತಾಪುರ ಬಂದಾಗ ನಾನು ಕಿಟಕಿಯಿಂದ ಮುಖ ತಿರುಗಿಸಿ ಕೂತೆ. ವಾಡಿಯಲ್ಲಿ ಗಾಡಿ ಬದಲಿಸಲು ಇಳಿದಾಗ ಅತ್ತೆಯವರು ಪ್ಲಾಟ್‌ಫಾರಮ್ಮಿನ ತುದಿಯವರೆಗೂ ಕಣ್ಣು ಹಾಯಿಸಿ, ಇದ್ದ ಹೊಸದು, ಇಲ್ಲದ ಹಳೆಯದು ಎಲ್ಲ ಎಣಿಸಿದರು. ನಾನು ಬೆಂಚಿನ ಮೇಲೆ ಅಂಗಿಯ ಗಂಟು ತೊಡೆಯಲ್ಲಿಟ್ಟುಕೊಂಡು, ಶಾರದಾಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಾಲ್ಕು ಥರ ಜೋಡಿಸಿದೆ. ನಾಲ್ಕರಲ್ಲೂ ತಪ್ಪು ಮಾತ್ರ ಹೇಗೋ ಟಾನಿಕ್ಕಿನದೇ ಆಗುತ್ತಿತ್ತು.

ಶಾರದಾ ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದಳು. "ಬರ್ರಿ ಅಕ್ಕಾರ, ಕುಂದ್ರಿ" ಎಂದು ಮಣೆ ಸರಿಸಿದಳು. ನಾನು ಕೂರಲಿಲ್ಲ. ಗಂಟು ಬಿಚ್ಚಿ ಅಂಗಿ ತೋರಿಸಿ, "ಶಾರದಾ, ಆ ಡಾಗ ನೀ ಮಾಡಿದ್ದಲ್ಲ. ನಾ ಮಾಡಿದ್ದು. ನನ್ನ ಮಗನ ಟಾನಿಕ್ಕು. ನಾನು ಆ ಪಂಕ್ತಿಯೊಳಗ ಸುಳ್ಳು ಹೇಳಿದೆ" ಎಂದುಬಿಟ್ಟೆ. ಜೋಡಿಸಿಟ್ಟುಕೊಂಡಿದ್ದ ನಾಲ್ಕು ಥರದಲ್ಲಿ ಇದು ಯಾವುದೂ ಆಗಿರಲಿಲ್ಲ.

ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನನ್ನನ್ನು ಒಳಕೋಣೆಗೆ ಕರೆದೊಯ್ದಳು. ಗೋಡೆಯ ಮೇಲೆ ಅವಳ ಮಗಳ ತೊಟ್ಟಿಲಿನ ಫೋಟೋ ಇತ್ತು. ಕೂಸಿನ ಎದೆಗೆ ಅಡ್ಡಲಾಗಿ ಕುಪ್ಪಸದ ಕೆಂಪು ರೇಷ್ಮೆಯ ಖಣ ಕಟ್ಟಿತ್ತು. ಆ ಫೋಟೋ ಮೊದಲ ಸಲ ನೋಡಿದಾಗ "ಏನ್ ಆಡಂಬರ" ಎಂದವಳೂ ನಾನೇ. "ಗಂಟು ಬಿಚ್ಚಿದಾಗೇ ಡಾಗ ಇತ್ತಕ್ಕ" ಎಂದಳು ಶಾರದಾ. "ಅತ್ತಿ ನೋಡಿದ್ರ ನಿಮ್ಮ ಹೆಸರು ಖರಾಬ್ ಆಗ್ತದ ಅಂತ ಮ್ಯಾಲ ಖಣ ಕಟ್ಟಿದೆ. ಇಡೀ ದಿನ ಬಿಚ್ಚಲಿಲ್ಲ. ಸೆಕಿಗಿ ಕೂಸು ಅತ್ತು ಅತ್ತು ಕೆಂಪಗಾತು."

ಇಪ್ಪತ್ತೆರಡು ವರ್ಷದ ನಂತರ "ಅಕ್ಕಾರ" ಹೋಗಿ "ಅಕ್ಕ" ಆಗಿದ್ದು ನನಗೆ ತಕ್ಷಣ ಹೊಳೆಯಲೇ ಇಲ್ಲ. "ಮತ್ತ ಅವಾಗೇ ಯಾಕ ಹೇಳಲಿಲ್ಲ?" ಎಂದೆ. "ಯಾರು ನಂಬ್ತಿದ್ರು? ನೀವು ಲ್ಯಾಬಿನವರು. ನಾನು ಹೂರಣ ರುಬ್ಬಾಕಿ" ಎಂದಳು. ಕಣ್ಣೀರು ನನಗೆ ಬಂತು, ಅವಳಿಗಲ್ಲ. ಅವಳು ಬಹಳ ಹಿಂದೆಯೇ ಅತ್ತು ಮುಗಿಸಿದ್ದಳು. ನನ್ನ ಬೆನ್ನು ತಟ್ಟಿ, "ಬಿಡ್ರಿ, ಕೂಸಿಗಿ ಅಂಗಿ ಹಾಕೋಣ ಬರ್ರಿ" ಎಂದಳು. ಅರ್ಧ ಬೆರಳು ಕಿರಿದಾದ ಅಂಗಿ ಕೂಸಿನ ಮೈಗೆ ಬಿಗಿಯಾಗಿ ಕೂತಿತು. ಅತ್ತೆಯವರು ಮುಂದೆ ಕೂತು, ಎದೆಯ ಮೇಲೆ ಏನೂ ಹೊದಿಸಗೊಡದೆ, ಎರಡು ಫ್ಯಾನು ಹಚ್ಚಿಸಿ, ಬಂದವರಿಗೆಲ್ಲ ತಮ್ಮ ಜಾಲರಿ ತೋರಿಸಿದರು.

ಇಷ್ಟಕ್ಕೆ ಮುಗಿಯಿತು ಎಂದುಕೊಂಡು ನಾನು ಹೋಳಿಗೆಯ ತಾಟು ಹಿಡಿದು ಮೂಲೆಯಲ್ಲಿ ಕೂತೆ. ಮುಗಿದಿರಲಿಲ್ಲ. ಶಾರದಾ ಒಳಗೆ ಬಂದ ಪ್ರತಿಯೊಬ್ಬ ಹೆಂಗಸಿಗೂ ಮೊದಲು ಕೂಸನ್ನು ತೋರಿಸುತ್ತಿದ್ದಳು, ಆಮೇಲೆ ಅಂಗಿಯನ್ನು, ಆಮೇಲೆ ನನ್ನನ್ನು. ಅಂಗಿ ತೊಡಿಸುವಾಗ ನನ್ನಿಂದ ಎಲ್ಲ ಕೇಳಿಕೊಂಡಿದ್ದಳು; ಡಾಗು, ಪಂಕ್ತಿ, ಟಾನಿಕ್ಕು, ಖಣ, ನೀಲಿ, ಒಂದೂ ಬಿಡದೆ ಹೇಳಿ, ಕೊನೆಗೆ ನನ್ನ ಕಡೆ ತಿರುಗಿ, "ಹೌದಲ್ಲಕ್ಕಾ?" ಎನ್ನುತ್ತಿದ್ದಳು. ನಾನು ಬಾಯಲ್ಲಿದ್ದ ಹೋಳಿಗೆ ನುಂಗಿ "ಹೌದ್ರಿ" ಎನ್ನುತ್ತಿದ್ದೆ. ಅವಳ ದನಿಯಲ್ಲಿ ಕಹಿ ಇರಲಿಲ್ಲ, ಆದರೆ ಅವಸರವೂ ಇರಲಿಲ್ಲ. ನಾನು ಇಪ್ಪತ್ತೆರಡು ವರ್ಷ ಹೇಳಿದ್ದೆ, ಅವಳು ಒಂದು ಮಧ್ಯಾಹ್ನ ತೆಗೆದುಕೊಂಡಳು; ಇದರಲ್ಲಿ ನಾನು ತಕರಾರು ಮಾಡುವಂಥದ್ದು ಏನಿತ್ತು? ಐದನೆಯ ಸಲ ಅವಳು ಸೋಡಾಕ್ಕಿಂತ ಮೊದಲೇ ನಿಂಬೆರಸ ಹಾಕಿಬಿಟ್ಟಾಗ, "ಅಲ್ಲ ಶಾರದಾ, ಮೊದಲು ಸೋಡಾ" ಎಂದು ನಾನೇ ತಿದ್ದಿದೆ.

ಊಟ ಮುಗಿಯುವ ಹೊತ್ತಿಗೆ ತೆಂಗಳಿಯ ಕಡೆಯ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕೂತಳು. ದನಿ ತಗ್ಗಿಸಿ, ಉಟ್ಟಿದ್ದ ರೇಷ್ಮೆ ಸೀರೆಯ ಸೆರಗನ್ನು ನನ್ನ ಮೊಣಕಾಲಿನ ಮೇಲೆ ಹರವಿದಳು. ಜರಿಯ ಪಕ್ಕದಲ್ಲಿ ಅಂಗೈ ಅಗಲದ ಕಂದು ಕಲೆ. "ಮೇಡಮ್ಮಾರ, ಇದು ಹೋಗ್ತದೇನ್ರಿ?" ಎಂದಳು.

ನಾನು ಬಗ್ಗಿ ನೋಡಿ, "ಏನ್ ಬಿದ್ದಿತ್ರಿ?" ಎಂದು ಕೇಳಿದೆ.

"ನನಗೇನ್ ಗೊತ್ರಿ? ಒಂದು ಮದುವಿಗಿ ನಮ್ಮ ನೆಗೆಣ್ಣಿ ಉಟ್ಟಕೊಂಡು ಹೋಗಿದ್ಲು."

ಕೋಣೆಯ ಆ ತುದಿಯಲ್ಲಿ ತಾಂಬೂಲದ ತಟ್ಟೆ ಹಿಡಿದಿದ್ದ ಶಾರದಾ ನಿಂತುಬಿಟ್ಟಳು. ನಾನು ಆ ಸೆರಗನ್ನು ನಿಧಾನವಾಗಿ ಮಡಿಚಿ ಆ ಹೆಂಗಸಿನ ಕೈಗೆ ಕೊಟ್ಟೆ.

"ನಿಂಬಿರಸ ಹಚ್ಚಿ ನೋಡ್ರಿ, ಹೋದರೂ ಹೋದೀತು" ಎಂದೆ. "ಆದ್ರ ಏನ್ ಬಿದ್ದದ ಅಂತ ಪರೀಕ್ಷಾ ಮಾತ್ರ ಮಾಡಿಸಲಿಕ್ಕ ಹೋಗಬ್ಯಾಡ್ರಿ."